ದೇಹವೆಂಬ ಆಲಯದ ಪರಾಮರಿಕೆ

(ಓದತಕ್ಕ ಭಾಗ: 1 ಅರಸುಗಳು 19ನೆಯ ಅಧ್ಯಾಯ, 1ರಿಂದ 8ನೆಯ ವಚನಗಳು)



ಪ್ರವಾದಿಯಾದ ಎಲೀಯನು ಈಜೆಬೆಲಳ ಕೋಪಕ್ಕೆ ಹೆದರಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ತನಗೆ ಮರಣ ಬರಲೆಂದು ಬೇಡಿಕೊಂಡನು. ಆಗ ದೇವರು ಏನು ಮಾಡಿದನು? ಗದರಿಸಲಿಲ್ಲ, ಹೊಸ ಆಜ್ಞೆಯನ್ನೂ ಕೊಡಲಿಲ್ಲ. ಮೊದಲು ನಿದ್ರೆಯನ್ನು ಅನುಗ್ರಹಿಸಿದನು. ತರುವಾಯ ದೂತನ ಮೂಲಕ ಕೆಂಡದ ಮೇಲೆ ಸುಟ್ಟ ಬಿಸಿರೊಟ್ಟಿಯನ್ನೂ ತಂಬಿಗೆಯಲ್ಲಿ ನೀರನ್ನೂ ಕೊಟ್ಟನು. ಅವನು ತಿಂದು ಮತ್ತೆ ಮಲಗಿದಾಗಲೂ ಬೇಸರಗೊಳ್ಳದೆ ಎರಡನೆಯ ಸಾರಿ ಎಬ್ಬಿಸಿ ಉಣಿಸಿದನು. ಆ ಊಟದ ಬಲದಿಂದ ಅವನು 40 ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದನು. ದೇವರ ಮೆಲ್ಲನೆಯ ಸ್ವರವು ಅವನಿಗೆ ಕೇಳಿಬಂದದ್ದು ಇದೆಲ್ಲಾ ಆದ ಮೇಲೆಯೇ.

ದೇಹಾಭ್ಯಾಸವು ಅಲ್ಪ ಪ್ರಯೋಜನವುಳ್ಳದ್ದೆಂದು ಪೌಲನು ತಿಮೊಥೆಯನಿಗೆ ಬರೆದನಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಭಕ್ತಿಗೆ ಹೋಲಿಸಿದರೆ ಅದು ಅಲ್ಪವೇ. ಆದರೆ ಅಲ್ಪವೆಂದರೆ ಏನೂ ಇಲ್ಲವೆಂದಲ್ಲ. ಅದೇ ಪೌಲನು ದೇಹವನ್ನು ಪವಿತ್ರಾತ್ಮನ ಆಲಯವೆಂದು ಕೊರಿಂಥದವರಿಗೆ ಬೋಧಿಸಿದನು, ಜೊತೆಯವರು ಹಡಗಿನಲ್ಲಿ ಹೋಗುತ್ತಿರಲು ತಾನು ತ್ರೋವದಿಂದ ಅಸ್ಸೊಸಿಗೆ ಕಾಲುನಡೆಯಾಗಿ ಹೋಗಲು ಇಷ್ಟಪಟ್ಟನು (ಅ. ಕೃತ್ಯಗಳು 20).

ನಮ್ಮ ಸೀಮೆಯಲ್ಲಿಯೂ ಇದಕ್ಕೆ ಒಂದು ದೃಷ್ಟಾಂತವುಂಟು. ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದು, ನೂರು ವರುಷ ತುಂಬಿದ ಮೇಲೆ 1962ರಲ್ಲಿ ತೀರಿಕೊಂಡರು. ಅವರ ಸಮಾಧಿಯು ಆ ಹಳ್ಳಿಯಲ್ಲೇ ಇದೆ. ಮಿತವಾದ ಊಟ, ಹೊತ್ತಿಗೆ ಸರಿಯಾದ ನಿದ್ರೆ, ನಡಿಗೆ, ಎಡೆಬಿಡದ ಕೆಲಸ, ಇವು ಅವರ ಕ್ರಮವಾಗಿದ್ದವು. ಅವರ ಕ್ರಮದಲ್ಲಿ ಬಡವನಿಗೆ ಎಟುಕದ್ದು ಯಾವದು?

ಹೀಗಿದ್ದರೂ ನಾವು ಮಾಡುವದೇನು? ಮುದ್ದೆ ಬಡವರ ಊಟವೆಂದು ನಾಚಿ, ನೆಂಟರು ಬಂದರೆ ಬಿಳೀ ಅನ್ನವನ್ನೇ ಬಡಿಸುತ್ತೇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವುಂಟು. ಪಾಲಿಷ್ ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರುಷವೆಂದು ಸಾರಿತು. ನಾವೋ ಮನೆಯ ರಾಗಿಯನ್ನು ಮಾರಿ ಅಂಗಡಿಯ ಬಿಸ್ಕತ್ತನ್ನು ಕೊಳ್ಳುತ್ತೇವೆ. ಕೂಗಳತೆಯ ದೂರದಲ್ಲಿರುವ ದೇವಾಲಯಕ್ಕೂ ಮೋಟಾರು ಸೈಕಲ್ಲನ್ನು ಹತ್ತುತ್ತೇವೆ. ಸಕ್ಕರೆ ಕಾಯಿಲೆಯು ಪಟ್ಟಣದವರದೆಂದು ನೆನಸಿದ್ದೆವು. ಅದು ಹಳ್ಳಿಯ ಮನೆಗಳಲ್ಲಿಯೂ ಕಾಲಿಟ್ಟಿದೆ.

ಕೆಲವರು ವೈದ್ಯರ ಮಾತಿಗೆ ಬೆದರಿ, ಒಂದು ವಾರ ಸಪ್ಪೆಯೂಟ ಮಾಡಿ, ಎಂಟನೆಯ ದಿನ ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಭಯದಿಂದ ಹಿಡಿದ ವ್ರತವು ಬಹುಕಾಲ ನಿಲ್ಲದು. ಸಂತೋಷದಿಂದ ಹಿಡಿದ ವಾಡಿಕೆ ನಿಲ್ಲುವದು. ದೇವರು ಎಲೀಯನಿಗೆ ಕಷಾಯವನ್ನು ಕುಡಿಸಲಿಲ್ಲ; ಬಿಸಿರೊಟ್ಟಿಯನ್ನು ಕೊಟ್ಟನು. ಆದಕಾರಣ ಬಸ್ಸಾರು, ಮಸ್ಸೊಪ್ಪು, ಚಳಿಗಾಲದ ಅವರೆಕಾಳಿನ ಸಾರು ಇವುಗಳನ್ನು ಸ್ತೋತ್ರದೊಡನೆ ರುಚಿಯಾಗಿ ಉಣ್ಣಿರಿ. ಮುದ್ದೆ ಚಿಕ್ಕದಾಗಿರಲಿ, ಸೊಪ್ಪುಕಾಳು ಹೆಚ್ಚಾಗಿರಲಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚವನ್ನು ಮೀರದಿರಲಿ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದು ವೈದ್ಯಶಾಸ್ತ್ರವು ಹೇಳುತ್ತದೆ. ನೆರೆಯವನನ್ನು ಕರಕೊಂಡು ಕೆರೆಯ ಏರಿಯ ಮೇಲೆ ಮಾತಾಡುತ್ತಾ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಅದು ತೀರಿತು. ರೋಗಿಯ ಮನೆಗೆ ಪ್ರಾರ್ಥನೆಗೆ ನಡೆದೇ ಹೋದರೆ ಒಂದೇ ನಡಿಗೆಯಲ್ಲಿ ಎರಡು ಸೇವೆಗಳಾಗುವವು.

ಇನ್ನೊಂದು ಮಾತನ್ನು ಗಂಡಸರೇ ಕೇಳಿರಿ. ಕಳೆಯನ್ನೂ ಕಿತ್ತು, ಹುಳುವಿಗೆ ಹಿಪ್ಪುನೇರಳೆ ಸೊಪ್ಪನ್ನೂ ಹಾಕಿ, ಅಡಿಗೆಯನ್ನೂ ಮಾಡಿದ ಹೆಂಗಸು ಎಲ್ಲರ ತರುವಾಯ ತಳದಲ್ಲಿ ಉಳಿದದ್ದನ್ನು ಉಣ್ಣುವ ಮನೆಗಳು ನಮ್ಮ ಸಭೆಯಲ್ಲಿ ಎಷ್ಟಿಲ್ಲ? ಆಕೆಯ ದೇಹವೂ ಅದೇ ಆತ್ಮನ ಆಲಯವಲ್ಲವೇ? ಭಾನುವಾರ ಒಂದೇ ರೊಟ್ಟಿಯಲ್ಲಿ ಪಾಲು ಹೊಂದಿ, ಸೋಮವಾರ ಆಕೆಯನ್ನು ಬಿಟ್ಟು ಉಣ್ಣುವದು ಕರ್ತನ ಮೇಜಿಗೆ ಅವಮಾನವು. ಈ ರಾತ್ರಿಯಿಂದಲೇ ಒಟ್ಟಿಗೆ ಕೂತು ಉಣ್ಣಿರಿ.

ಆದರೂ ಯಾರೂ ರೋಗಿಯನ್ನು ನೋಡಿ, ಇವನು ಪಾಪದಿಂದ ಬಿದ್ದನೆಂದು ತೀರ್ಪುಮಾಡಬಾರದು. ಕ್ರಮವಾಗಿ ನಡೆದವರಿಗೂ ವ್ಯಾಧಿಯುಂಟು. ನೂರು ವರುಷ ಬಾಳಿದವರಿಗೂ ಮರಣವುಂಟು. ನಮ್ಮ ನಿರೀಕ್ಷೆಯು ಆಯುಸ್ಸಿನಲ್ಲಲ್ಲ, ಎದ್ದು ಬಂದ ಕ್ರಿಸ್ತನಲ್ಲಿಯೇ. ದೇವರು ಎಲೀಯನನ್ನು ಉಣಿಸಿದ್ದು ಅವನು ಕೊಬ್ಬಿ ಕೂತಿರಲೆಂದಲ್ಲ, ಮುಂದಿನ ದಾರಿಯನ್ನು ನಡೆಯಲೆಂದೇ. ನಮಗೂ ದಾರಿ ಉಳಿದದೆ. ಆತನು ಕೊಡುವ ಅನ್ನವನ್ನು ಹರ್ಷದಿಂದ ಉಂಡು, ಕೊಟ್ಟ ಕಾಲುಗಳಿಂದ ನಡೆದು, ಆತನ ಕೆಲಸದಲ್ಲಿ ಕಾಣಲ್ಪಡುವಂತೆ ಕರ್ತನು ನಮ್ಮೆಲ್ಲರಿಗೂ ಕೃಪೆಮಾಡಲಿ. ಆಮೆನ್.