ಕಾಣದ ಚಳಿಗೆ ಹೆಣೆದದ್ದು

ಕಾರವಾರ, ಅಂಕೋಲೆಯಲ್ಲಿ ಸ್ವೆಟರು ಬೇಕೇ ಬೇಕು ಅನ್ನಿಸುವ ದಿನ ವರ್ಷಕ್ಕೆ ಒಂದೂ ಬರುವುದಿಲ್ಲ. ಧನುರ್ಮಾಸದ ಬೆಳಗಿನ ಜಾವ ಘಟ್ಟದ ಕಡೆಯಿಂದ ಇಳಿದು ಬರುವ ಗಾಳಿ ತುಸು ತಣ್ಣಗಿರುತ್ತದೆ. ಅದಕ್ಕೊಂದು ತೆಳು ಚಾದರ ಸಾಕು, ಬಿಸಿಲೇರಿದ ಮೇಲೆ ಅದೂ ಬೇಡ. ಉಳಿದ ಕಾಲವೆಲ್ಲ ಒಂದೋ ಬೆವರು, ಇಲ್ಲವೇ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನೆಲದಲ್ಲಿ ಉಲ್ಲನ್ ಬಟ್ಟೆ ಇಟ್ಟುಕೊಳ್ಳುವುದೇ ಒಂದು ಕೆಲಸ. ಆಷಾಢದಲ್ಲಿ ಅದು ಗಾಳಿಯ ತೇವವನ್ನೆಲ್ಲ ಕುಡಿದು ಭಾರವಾಗುತ್ತದೆ, ಬೂಷ್ಟು ವಾಸನೆ ಹಿಡಿಯುತ್ತದೆ, ನೋಡದೆ ಬಿಟ್ಟರೆ ನುಸಿ ತಿನ್ನುತ್ತದೆ.

ಆದರೂ ಇಲ್ಲಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಚೀಲ ಇರುತ್ತದೆ. ಅದರೊಳಗೆ ಉಲ್ಲನ್ನಿನ ಉಂಡೆಗಳು, ನಾಲ್ಕಾರು ಬೇವಿನೆಲೆ ಇಲ್ಲವೇ ಡಾಂಬರು ಗುಳಿಗೆ, ತಲೆಯ ಮೇಲೆ ನಂಬರು ಒತ್ತಿದ ಅಲ್ಯೂಮಿನಿಯಂ ಕಡ್ಡಿಗಳು. ನಂಬರು ಹೆಚ್ಚಿದಷ್ಟೂ ಕಡ್ಡಿ ಸಪೂರ: 11ರಲ್ಲಿ ಬಾರ್ಡರು ಬಿಗಿಯಾಗಿ ಕೂರುತ್ತದೆ, 9ರಲ್ಲಿ ಮೈಭಾಗ ಸಡಿಲವಾಗಿ ಬರುತ್ತದೆ. ತಮಗೆ ಬೇಡದ, ತಮ್ಮ ಊರಿಗೂ ಬೇಡದ ಈ ಬಟ್ಟೆಯನ್ನು ಇಲ್ಲಿಯ ಹೆಂಗಸರು ಯಾರಿಗೆ ಹೆಣೆದರು, ಯಾಕೆ ಹೆಣೆದರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನನಗೆ ಹೊಳೆದ ಉತ್ತರ ಇಷ್ಟು: ಅವರು ಊರು ಬಿಟ್ಟವರಿಗಾಗಿ ಹೆಣೆದರು.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕಲಿತವರದೂ ಕಲಿಯದವರದೂ ದಾರಿ ಮುಂಬೈಗೇ. ಮುಂಬೈಯಲ್ಲೂ ಅಂಥ ಚಳಿಯಿಲ್ಲ. ಆದರೆ ಅಲ್ಲಿಂದ ಮುಂದೆ ಪುಣೆಗೆ, ದಿಲ್ಲಿಗೆ, ಪಲ್ಟಣಕ್ಕೆ ಹೋದವರಿದ್ದರು. ಕಾರವಾರದ ಕಡಲದಂಡೆಯಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. 1918ರಲ್ಲಿ ಹುಟ್ಟಿದ ಅವರ ಮನೆತನ ಇದೇ ತಾಲ್ಲೂಕಿನ ಚೆಂಡಿಯಾದ್ದು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ಹುಗಿದಿಟ್ಟ ನೆಲಬಾಂಬುಗಳನ್ನು ತೆಗೆದು, ಅಡ್ಡ ಕೆಡವಿದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರು. ಬೆವರಿನ ಊರಿನ ಮಕ್ಕಳು ಎಂಥ ಬೆಟ್ಟಗಳ ಬುಡಕ್ಕೆ ಹೋಗಿ ನಿಂತರು ಎಂಬುದಕ್ಕೆ ಆ ಪ್ರತಿಮೆಯೇ ಸಾಕ್ಷಿ. 1962ರ ಚೀನಾ ಯುದ್ಧದ ಹೊತ್ತಿಗೆ ಹಿಮಾಲಯದ ಚಳಿಗೆ ತಕ್ಕ ಬಟ್ಟೆಯಿಲ್ಲದೆ ನಮ್ಮ ಜವಾನರು ಒದ್ದಾಡಿದಾಗ ದೇಶದ ಎಲ್ಲ ಕಡೆ ಹೆಂಗಸರು, ಶಾಲೆಯ ಹುಡುಗಿಯರು ಕಡ್ಡಿ ಹಿಡಿದು ಕೂತರು. ಸ್ವೆಟರು, ಮಫ್ಲರು, ಕಾಲುಚೀಲ ಹೆಣೆದು ಗುರುತಿಲ್ಲದವರಿಗೆ ಕಳುಹಿಸಿದರು. ಈಗ ಮಕ್ಕಳು ಹೋಗುವುದು ಟೊರಾಂಟೋಗೆ, ಮ್ಯೂನಿಕ್‌ಗೆ, ಶಿಕಾಗೋಗೆ. ಊರುಗಳು ಬದಲಾದವು, ಅಲ್ಲಿಯ ಚಳಿ ಇನ್ನೂ ಹೆಚ್ಚಾಯಿತು.

ನನಗೆ ದೊಡ್ಡದಾಗಿ ಕಾಣುವ ವಿಷಯ ಇಲ್ಲಿದೆ. ಕುಲ್ಲುವಿನ ತಾಯಿ ಮಗನಿಗೆ ಸ್ವೆಟರು ಹೆಣೆಯುವಾಗ ತನ್ನ ಮೈಗೆ ಗೊತ್ತಿರುವ ಚಳಿಗೇ ಹೆಣೆಯುತ್ತಾಳೆ. ಅಂಕೋಲೆಯ ತಾಯಿಗೆ ಆ ಆಸರೆಯಿಲ್ಲ. ಹಿಮ ಬೀಳುವುದನ್ನು ಅವಳು ನೋಡಿದ್ದು ಸಿನೆಮಾದಲ್ಲಿ. ಬಾಯಿಂದ ಹೊಗೆ ಬರುವಂಥ ಬೆಳಗು ಹೇಗಿರುತ್ತದೆ, ಬೆರಳು ಮರಗಟ್ಟುವುದೆಂದರೆ ಏನು, ಅವಳ ಮೈಗೆ ಗೊತ್ತಿಲ್ಲ. ಅದಕ್ಕೇ ಕೇಳಿ ಕೇಳಿ ತಿಳಿದುಕೊಳ್ಳುತ್ತಾಳೆ. ಫೋನಿನಲ್ಲಿ “ತಮಾ, ಅಲ್ಲಿ ಗಾಳಿ ಕುತ್ತಿಗೆಗೆ ಹೊಡೀತದಾ? ಕಾಲರ್ ಎತ್ತರ ಮಾಡ್ಲಾ?” ಎಂದು ಕೇಳುವಾಗ ಅವಳು ಇನ್ನೊಬ್ಬರ ಮೈಯೊಳಗೆ ನಿಂತು ಆ ಊರಿನ ಗಾಳಿಯನ್ನು ಅಂದಾಜು ಮಾಡುತ್ತಿರುತ್ತಾಳೆ. ತಾನು ಅನುಭವಿಸದ ಕಷ್ಟವನ್ನು ಇನ್ನೊಬ್ಬರ ಪರವಾಗಿ ಊಹಿಸಿ ಅದಕ್ಕೆ ಮೊದಲೇ ಏನಾದರೂ ಮಾಡಿಡುವುದಕ್ಕಿಂತ ದೊಡ್ಡ ಉಡುಗೊರೆ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಆ ಊಹೆಗೆ ಅಳತೆಯೂ ಬೇಕು. ಎದುರಿಗಿಲ್ಲದವರ ಅಳತೆ ತೆಗೆಯುವುದು ಹೇಗೆ? ನಮ್ಮ ಆಯಿ, ಕಾಶ್ಮೀರದಲ್ಲಿದ್ದ ಅಣ್ಣ ಬಿಟ್ಟುಹೋದ ಅಂಗಿಯೊಂದನ್ನು ಮಂಚದ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ ಗೇಣು ಹಾಕುತ್ತಿದ್ದಳು. ಅಂಗಿ ಹಳೆಯದಾದರೆ ನಡುವೆ ಕಳೆದ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈಗ ಮೈ ಬಂದಿರಬಹುದು, ಇಲ್ಲವೇ ಮೆಸ್ಸಿನ ಊಟದಲ್ಲಿ ಇಳಿದಿರಬಹುದು. ಒಂದು ಇಂಚು ಸಡಿಲ ಬಿಡುತ್ತಿದ್ದಳು. ಆ ಒಂದು ಇಂಚಿನಲ್ಲಿ ಮಗ ಅಲ್ಲಿ ಹೊಟ್ಟೆತುಂಬ ಉಣ್ಣುತ್ತಿರಲಿ ಎಂಬ ಆಸೆಯೂ ಇತ್ತು.

ಆಮೇಲೆ ಹೆಣಿಗೆ. ಸಾಧಾರಣ ಉಲ್ಲನ್ನಿನಲ್ಲಿ ಇಂಚಿಗೆ 5 ಕುಣಿಕೆ ಬರುತ್ತವೆ ಎಂದಿಟ್ಟುಕೊಳ್ಳಿ. 40 ಇಂಚಿನ ಎದೆಗೆ ಮುಂದೂ ಹಿಂದೂ ಸೇರಿ ಒಂದು ಸಾಲಿಗೆ 200 ಕುಣಿಕೆ. ಇಂಚಿಗೆ 7 ಸಾಲಿನಂತೆ ಕಂಕುಳವರೆಗಿನ 16 ಇಂಚಿಗೆ 112 ಸಾಲು. ಅಲ್ಲಿಗೇ 22,400 ಕುಣಿಕೆಯಾಯಿತು. ಭುಜ, ಕುತ್ತಿಗೆ, ಎರಡು ತೋಳು ಇನ್ನೂ ಬಾಕಿ. ಒಂದೊಂದು ಕುಣಿಕೆಗೂ ಕಡ್ಡಿಯ ಮೊನೆ ಒಳಹೋಗಬೇಕು, ದಾರ ಸುತ್ತಬೇಕು, ಹೊರಗೆಳೆಯಬೇಕು, ಹಳೆಯದನ್ನು ಕಡ್ಡಿಯಿಂದ ಇಳಿಸಬೇಕು. ಸುಲ್ಟಾ ಒಂದು ಸಾಲು, ಉಲ್ಟಾ ಒಂದು ಸಾಲು. ಇದರಲ್ಲಿ ಒಂದನ್ನೂ ಹಾರಿಸುವಂತಿಲ್ಲ. ನಡುವೆ ಒಂದು ಕುಣಿಕೆ ಜಾರಿದರೆ ಅದು ಕೆಳಗಿನ ಸಾಲುಗಳನ್ನೂ ಬಿಡಿಸಿಕೊಂಡು ಇಳಿಯುತ್ತ ಹೋಗುತ್ತದೆ. ಕಂಡ ತಕ್ಷಣ ಕ್ರೋಶಾ ಕಡ್ಡಿಯಲ್ಲಿ ಹಿಡಿದು ಒಂದೊಂದೇ ಸಾಲು ಮೇಲಕ್ಕೆ ತರಬೇಕು. ಕರಾವಳಿಯಲ್ಲಿ ಇದರ ಜೊತೆಗೆ ಬೆವರು. ಅಂಗೈ ಒದ್ದೆಯಾದರೆ ದಾರ ಕಡ್ಡಿಗೆ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಅದಕ್ಕೇ ಆಯಿ ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಂಡು, ಕೈಗೆ ಪೌಡರು ಹಚ್ಚಿಕೊಂಡು ಕೂರುತ್ತಿದ್ದಳು. ಹೊರಗೆ ಅಂಗಳದಲ್ಲಿ ಬಿಸಿಲಿಗೆ ಮೀನು ಒಣಗುತ್ತಿರುವಾಗ ಒಳಗೆ ಕಾಶ್ಮೀರಕ್ಕೆ ಹೋಗುವ ತೋಳು ಉದ್ದವಾಗುತ್ತಿತ್ತು.

ಆ ಬಟ್ಟೆಗೆ ಬಿಸುಪು ಎಲ್ಲಿಂದ ಬರುತ್ತದೆ? ದಾರ ತಾನಾಗಿ ಶಾಖ ಕೊಡುವುದಿಲ್ಲ. ಕುಣಿಕೆಗಳ ನಡುವೆಯೂ ಉಣ್ಣೆಯ ಗುಂಗುರು ಎಳೆಗಳ ನಡುವೆಯೂ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಮೈಯ ಶಾಖವನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ತೊಟ್ಟವರ ಬಿಸುಪನ್ನು ತೊಟ್ಟವರಿಗೇ ಉಳಿಸಿಕೊಡುವುದಷ್ಟೇ ಸ್ವೆಟರಿನ ಕೆಲಸ. ದೂರದಲ್ಲಿರುವವರಿಗಾಗಿ ನಮ್ಮ ಪ್ರೀತಿ ಮಾಡಬಹುದಾದದ್ದೂ ಬಹುಶಃ ಅಷ್ಟೇ. ಅವರ ಬದುಕನ್ನು ನಾವು ಬದುಕಲಾರೆವು. ಅವರಲ್ಲಿರುವ ಶಕ್ತಿ ಸೋರಿಹೋಗದಂತೆ ಸುತ್ತ ನಿಲ್ಲಬಹುದು.

ಇಲ್ಲಿಯೇ ಬಳಕೆಯಾಗುವ ಹೆಣಿಗೆಯೂ ಒಂದಿದೆ, ಅದು ಕೂಸಿನದು. ಮಳೆಗಾಲದ ಬಾಣಂತನದ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ, ನೆಲದಲ್ಲೂ ತಂಪು. ಕೂಸಿನ ನೆತ್ತಿ, ಅಂಗಾಲು ಬೆಚ್ಚಗಿರಬೇಕು. ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಮಾಡಿಡಬಾರದು ಎಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಹಾಗಾಗಿ ಹುಟ್ಟಿದ ಸುದ್ದಿ ಬಂದ ಮೇಲೆಯೇ ಕಡ್ಡಿಗೆ ದಾರ ಏರುತ್ತದೆ. ಹನ್ನೆರಡನೇ ದಿನದ ಬಾರಸೆಯ, ಅಂದರೆ ನಾಮಕರಣದ ಹೊತ್ತಿಗೆ ಕುಲಾವಿ, ಕಾಲುಚೀಲ ತಯಾರಾಗಬೇಕು. ಹೆಸರು ಇಡುವ ಮೊದಲೇ ಅಜ್ಜಿಯ ಕೈಗೆ ಮೊಮ್ಮಗುವಿನ ತಲೆಯ ಸುತ್ತಳತೆ ಗೊತ್ತಾಗಿರುತ್ತದೆ. ಕೂಸಿನ ಕಾಲುಚೀಲ ಗಂಡಸಿನ ಹೆಬ್ಬೆರಳಿಗೆ ತೊಡಿಸುವಷ್ಟೇ ಇರುತ್ತದೆ. ಎರಡು ತಿಂಗಳಿಗೆ ಅದು ಸಣ್ಣದಾಗುತ್ತದೆ ಎಂದು ಹೆಣೆಯುವವರಿಗೂ ಗೊತ್ತು. ಹಾಗೆಂದು ಯಾರೂ ಅದರ ಹೆಣಿಗೆಯಲ್ಲಿ ಕೈ ಸಡಿಲ ಬಿಡುವುದಿಲ್ಲ.

ಸಣ್ಣದಾಯಿತೆಂದರೆ ಮುಗಿಯಿತು ಎಂದೂ ಅಲ್ಲ. ಕತ್ತರಿಸಿ ಹೊಲಿದ ಅಂಗಿಯನ್ನು ಮತ್ತೆ ಥಾನು ಮಾಡಲಾಗದು. ಹೆಣೆದದ್ದನ್ನು ಬಿಚ್ಚಬಹುದು. ಅಂಚಿನ ಗಂಟು ಬಿಡಿಸಿ ಎಳೆದರೆ ಸಾಲು ಸಾಲಾಗಿ ಬಿಚ್ಚಿ ಇಡೀ ಬಟ್ಟೆ ಮತ್ತೆ ದಾರವಾಗುತ್ತದೆ. ಬಿಚ್ಚಿದ ದಾರ ಸೊಟ್ಟಸೊಟ್ಟಗೆ ಗುಂಗುರಾಗಿರುತ್ತದೆ. ಅದನ್ನು ಲಡಿ ಮಾಡಿ, ತೊಳೆದು, ತುದಿಗೆ ಸಣ್ಣ ಭಾರ ಕಟ್ಟಿ ನೆರಳಲ್ಲಿ ತೂಗುಬಿಟ್ಟರೆ ನೇರವಾಗುತ್ತದೆ. ಅಣ್ಣನ ಸ್ವೆಟರು ತಂಗಿಯದಾಗುತ್ತದೆ, ಉಳಿದದ್ದು ಪಕ್ಕದ ಮನೆಯ ಕೂಸಿನ ಕುಲಾವಿಯಾಗುತ್ತದೆ. ನಮ್ಮದೇ ಜಿಲ್ಲೆಯ ಘಟ್ಟದ ಮೇಲೆ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಮನೆಯವರ ಹಳೆಯ ಬಟ್ಟೆಗಳನ್ನು ತುಂಡು ಮಾಡಿ, ಅಂಚಿನಿಂದ ಸುತ್ತುತ್ತ ನಡುವಿಗೆ ಬಂದು ಮುಗಿಯುವ ಕೌದಿ ಹೊಲಿಯುತ್ತಾರೆ. ಅದರ ಮೂಲೆಗಳಲ್ಲಿ ‘ಫೂಲಾ’ ಎನ್ನುವ ಮುಕ್ಕೋನದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುವುದುಂಟು. ಉಪಯೋಗಕ್ಕೆ ಅದೇನೂ ಬೇಕಿಲ್ಲ. ಆದರೂ ಕೌದಿ ಬರಿದಾಗಿ ಕಾಣಬಾರದು ಎಂದು ಅದನ್ನು ಬಿಡುವುದಿಲ್ಲ. ಮನೆಯವರು ಉಟ್ಟು ಬಿಟ್ಟದ್ದು ಮನೆಯ ಕೂಸಿನ ಹೊದಿಕೆಯಾಗುವ ಈ ಕೆಲಸವೂ ನಾನು ಹೇಳುತ್ತಿರುವ ಹೆಣಿಗೆಯೂ ಒಂದೇ ವಂಶದವು.

ಕೈಯಲ್ಲಿ ಮಾಡಿದ್ದನ್ನು ಕೊಡುವ ಘನತೆಯನ್ನು ಗಾಂಧೀಜಿ ಚೆನ್ನಾಗಿ ಬಲ್ಲವರಾಗಿದ್ದರು. 1947ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ರ ಮದುವೆಗೆ ಅವರು ಕಳುಹಿಸಿದ್ದು ತಾವೇ ನೂತ ನೂಲಿನಿಂದ ಹೆಣೆಸಿದ ಒಂದು ಲೇಸಿನ ಬಟ್ಟೆ. ನಡುವೆ ‘ಜೈ ಹಿಂದ್’ ಎಂದಿತ್ತು. ಮೌಂಟ್‌ಬ್ಯಾಟನ್ ಅದನ್ನು ಲಂಡನ್ನಿಗೆ ಒಯ್ದರು. ವಜ್ರ ವೈಡೂರ್ಯ ಬಂದು ಬೀಳುವ ಮನೆಗೆ ಹತ್ತಿಯ ದಾರ! 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಎದ್ದು ನಿಂತ ಅಂಕೋಲೆಯ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳಬಹುದಾದದ್ದನ್ನು ಯಾರಾದರೂ ಕೊಡಬಹುದು. ತನ್ನ ಕೈ ಸವೆಸಿದ ಹೊತ್ತನ್ನು ಆ ಕೈಯವರು ಮಾತ್ರ ಕೊಡಬಲ್ಲರು.

ಅಗ್ಗದ ಸ್ವೆಟರು ಸಿಗದೆ ಯಾರೂ ಹೆಣೆಯಬೇಕಾಗಿಲ್ಲ. ಮುಂಡಗೋಡದಲ್ಲಿ 1966ರಲ್ಲಿ ನೆಲೆಯಾದ ಟಿಬೆಟಿನವರ ಕ್ಯಾಂಪು ಇದೆ. ಟಿಬೆಟಿನವರು ಚಳಿಗಾಲ ಬಂತೆಂದರೆ ಊರೂರಿನ ಬೀದಿ ಬದಿಯಲ್ಲಿ ಸ್ವೆಟರು ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಲುಧಿಯಾನಾದ ಯಂತ್ರಗಳು ಒಂದು ದಿನದಲ್ಲಿ ಮಾಡುವಷ್ಟನ್ನು ಒಂದು ಓಣಿಯ ಹೆಂಗಸರೆಲ್ಲ ಸೇರಿ ವರ್ಷಕ್ಕೂ ಮಾಡಲಾರರು. ಪರದೇಶದ ಮನೆಗಳಲ್ಲಿ ಗೋಡೆಯೊಳಗಿಂದಲೇ ಬಿಸಿಗಾಳಿ ಬರುತ್ತದೆ, ಹೊರಗೆ ಹೋಗಲು ಆ ಚಳಿಗೆಂದೇ ಮಾಡಿದ ಜಾಕೀಟುಗಳಿವೆ. ತಾಯಿ ಕಳುಹಿಸಿದ ಸ್ವೆಟರು ಕಪಾಟಿನಲ್ಲೇ ಉಳಿಯುವುದೂ ಉಂಟು. ಹಾಗಾದರೆ ಆ ಶ್ರಮ ವ್ಯರ್ಥವೇ?

ಅಲ್ಲವೆಂದು ನಾನು ಖಂಡಿತವಾಗಿ ನಂಬುತ್ತೇನೆ. ಆದರೆ ಆ ನಂಬಿಕೆಯ ಮರೆಯಲ್ಲಿ ಪಡೆದವರು ತಮ್ಮ ಪಾಲಿನ ಕೆಲಸ ತಪ್ಪಿಸಿಕೊಳ್ಳಬಾರದು. ಹೆಣೆಯುವವಳಿಗೆ ಸಿಗಬೇಕಾದದ್ದು ಹೆಣೆಯುವಾಗಲೇ ಸಿಕ್ಕಿರುತ್ತದೆ ನಿಜ. ಎರಡು ತಿಂಗಳು ದಿನಾ ಸಂಜೆ ಮಗನ ಭುಜ, ಮಗಳ ಮಣಿಕಟ್ಟು ಅವಳ ಮಡಿಲಲ್ಲೇ ಇದ್ದವು. ಮಾತಿಗೆ ಸಿಗದ ಮಕ್ಕಳೊಡನೆ ಅವಳು ಹಾಗೆ ಇದ್ದಳು. ಆದರೆ ಕೊಟ್ಟದ್ದು ತಲುಪಿತೇ ಎಂಬುದು ಅವಳಿಗೆ ತಿಳಿಯಬೇಕು. ತಲುಪುವುದೆಂದರೆ ಕೊರಿಯರಿನವನು ಸಹಿ ಹಾಕಿಸಿಕೊಳ್ಳುವುದಲ್ಲ. ತೋಳು ಉದ್ದವಾಯಿತೇ, ಕುತ್ತಿಗೆ ಬಿಗಿಯಾಯಿತೇ, ಎಲ್ಲಿಗೆ ಹಾಕಿಕೊಂಡು ಹೋದಿರಿ, ಅಲ್ಲಿ ಯಾರು ಏನೆಂದರು, ಇದೆಲ್ಲ ಅವಳಿಗೆ ಬೇಕು. “ಚೆನ್ನಾಗಿದೆ, ಥ್ಯಾಂಕ್ಸ್” ಎಂಬ ಎರಡು ಮಾತಿನಿಂದ ಇಪ್ಪತ್ತೆರಡು ಸಾವಿರ ಕುಣಿಕೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ತೋಳು ಉದ್ದವಾಗಿದ್ದರೆ ಹಾಗೆಂದೇ ಹೇಳಿ, ಅದರಿಂದ ಅವಳಿಗೆ ಬೇಸರವಿಲ್ಲ. ಮುಂದಿನದರ ಅಳತೆ ಸಿಕ್ಕಿತೆಂದು ಖುಷಿಯೇ.

ಒಂದು ಕಾಲಕ್ಕೆ ಶಾಲೆಯಲ್ಲಿ ಹೊಲಿಗೆ ಅಕ್ಕೋರು ಹುಡುಗಿಯರಿಗೆ ಕಡ್ಡಿ ಹಿಡಿಯುವುದನ್ನು ಕಲಿಸುತ್ತಿದ್ದರು. ಈಗ ಅಂಥ ಪೀರಿಯಡ್ಡು ಅಪರೂಪ. ಮನೆಯಲ್ಲಿ ಹೆಣೆಯಬಲ್ಲವರಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ, ಬೆರಳ ಗಂಟುಗಳು ಬಾತಿವೆ. ನನ್ನ ವಿನಂತಿ ಇಷ್ಟೇ. ಅವರು ಹೆಣೆದುಕೊಟ್ಟದ್ದು ನಿಮ್ಮ ಕಪಾಟಿನಲ್ಲಿದ್ದರೆ ತೆಗೆದು ಬಿಸಿಲಿಗೆ ಹಾಕಿ, ಒಮ್ಮೆ ತೊಟ್ಟು ಅವರಿಗೆ ತೋರಿಸಿ. ಮಳೆಗಾಲದಲ್ಲಿ ಊರಿಗೆ ಬಂದಾಗ, ಮಗನಾಗಲಿ ಮಗಳಾಗಲಿ, ಅವರ ಪಕ್ಕದಲ್ಲಿ ಕೂತು ಹತ್ತು ಸಾಲು ಹೆಣೆಯುವುದನ್ನು ಕಲಿಯಿರಿ. ಬರೀ ಕರಾವಳಿ ನೋಡಿದ ಅವರ ಕೈಗಳು ಇಷ್ಟು ವರ್ಷ ನಮ್ಮ ಚಳಿಯನ್ನು ಊಹಿಸಿದವು. ಆ ಕೈಗಳಿಗೆ ಈಗ ಏನು ಬೇಕಾಗಿದೆ ಎಂದು ಊಹಿಸುವ ಸರದಿ ನಮ್ಮದು.