ಅರ್ಪಣೆಗೆ ಮುನ್ನಿನ ಅವಧಾನ

ಮನಸ್ಸಿನಲ್ಲಿ ಹುಟ್ಟಿದ ಭಾವವೆಲ್ಲ, ಹುಟ್ಟಿತೆಂಬ ಕಾರಣಕ್ಕೇ ನುಡಿಯಾಗಲು ತಕ್ಕುದೇ ಎಂಬ ಪ್ರಶ್ನೆಯನ್ನು ಕಾವ್ಯಮೀಮಾಂಸೆ ಔಚಿತ್ಯದ ಹೆಸರಿನಲ್ಲಿ ಚರ್ಚಿಸಿದರೆ, ವೀರಶೈವ ದರ್ಶನದ ಪ್ರಸಾದತತ್ತ್ವದಲ್ಲಿ ಅದಕ್ಕೆ ಇನ್ನೂ ಆಳವಾದ ಉತ್ತರವಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಸಾಧನೆಯ ಆರು ನೆಲೆಗಳಾಗಿದ್ದು, ಅವುಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯನ್ನು, ಅಂದರೆ ಎಚ್ಚರ ತಪ್ಪದ ಗಮನವನ್ನು, ಲಕ್ಷಣವಾಗಿ ಹೇಳಲಾಗಿದೆ. ಇಂದ್ರಿಯಗಳಿಗೆ ಎದುರಾದದ್ದು ಮೊದಲಿಗೆ ಬರಿಯ ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಮೇಲಷ್ಟೇ ಅದು ಪ್ರಸಾದ. ಈ ನಿಯಮ ಕೈ ಬಾಯಿಗಳಿಗೆ ಮಾತ್ರ ಸೀಮಿತವಲ್ಲ, ಮನಸ್ಸಿಗೂ ಸಲ್ಲುತ್ತದೆ ಎಂದು ಒಪ್ಪಿದರೆ, ಹೊಳೆದ ಕಲ್ಪನೆಯೂ ಒಂದು ಪದಾರ್ಥವೇ ಆಗುತ್ತದೆ, ಅರ್ಪಿಸುವ ಮುನ್ನ ಅದನ್ನು ನಿಲ್ಲಿಸಿ ನೋಡುವ ಹೊಣೆ ಸಾಧಕನದಾಗುತ್ತದೆ.

ಈ ಹೊಣೆಯನ್ನು ಹೊತ್ತವರಲ್ಲಿ ಜೇವರ್ಗಿಯ ಷಣ್ಮುಖ ಶಿವಯೋಗಿ ಪ್ರಮುಖ. ಬಸವಾದಿ ಶರಣರಿಗಿಂತ ಸುಮಾರು 500 ವರ್ಷ ಈಚೆಗೆ, 17ನೇ ಶತಮಾನದಲ್ಲಿ ಬಾಳಿದ ಅವರಿಗೆ ಉಪಮೆ, ಪರಿಭಾಷೆ, ಪ್ರಮೇಯಗಳ ತುಂಬಿದ ಕಣಜವೇ ಪಿತ್ರಾರ್ಜಿತವಾಗಿ ದೊರೆತಿತ್ತು. ಅಂಥವರಿಗೆ ಮಾತು ಸಿಗದ ಕಷ್ಟಕ್ಕಿಂತ ಸಿಕ್ಕಿದ್ದನ್ನೆಲ್ಲ ಆಡಿಬಿಡುವ ಅಪಾಯವೇ ದೊಡ್ಡದು. ಅಖಂಡೇಶ್ವರ ಎಂಬ ಅಂಕಿತದ ಅವರ ವಚನಗಳು 700ಕ್ಕೂ ಹೆಚ್ಚಾಗಿದ್ದರೂ ಅವು ಷಟ್‌ಸ್ಥಲದ ಕ್ರಮಕ್ಕೆ ಒಳಪಟ್ಟಿವೆ; ಆದ್ದರಿಂದ ಪ್ರತಿ ಭಾವವೂ ತಾನು ಯಾವ ನೆಲೆಗೆ ಸೇರಿದ್ದೆಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅಂಕಿತವೂ ಕೇವಲ ಕರ್ತೃವಿನ ಗುರುತಲ್ಲ. ಅಖಂಡೇಶ್ವರ ಎಂಬುದು ಅವರ ಗುರುವಿನ ಹೆಸರು. ವಚನದ ಕೊನೆಗೆ ಗುರುವನ್ನು ಹೆಸರಿಟ್ಟು ಕರೆಯಬೇಕಾದವನು ಅದರ ಮೊದಲ ಮಾತನ್ನೂ ಆ ಸಾನ್ನಿಧ್ಯದಲ್ಲಿಯೇ ಆಡಬೇಕಾಗುತ್ತದೆ.

ಜೇವರ್ಗಿ, ಕೊಳಕೂರ ಭಾಗದ ಎರೆಹೊಲದಲ್ಲಿ ಇದೇ ವಿವೇಕ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಹಿಂಗಾರಿ ಬಿಳಿಜೋಳ ಬಹುಮಟ್ಟಿಗೆ ಮಳೆಗಾಲದಲ್ಲಿ ನೆಲ ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆಯಬೇಕು. ಆದ್ದರಿಂದ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಕೈ ಹಿಡಿತದಲ್ಲಿರುತ್ತದೆ. ಮುಷ್ಟಿಯಿಂದ ಕಾಳು ಬೆರಳ ಸಂದಿಯಲ್ಲಿ ಒಂದೊಂದಾಗಿ ಜಾರಬೇಕೇ ಹೊರತು ಸುರಿಯಬಾರದು. ಬಿತ್ತನೆ ದಟ್ಟವಾದರೆ ಹುಟ್ಟುವಾಗ ಹೊಲವೆಲ್ಲ ಹಸಿರಾಗಿ ಕಣ್ತುಂಬುತ್ತದೆ, ತೆನೆ ಕಟ್ಟುವ ಹೊತ್ತಿಗೆ ಹಸಿ ತೀರಿ ಎಲ್ಲವೂ ಸೊರಗುತ್ತವೆ. ಬಿತ್ತದೆ ಉಳಿಸಿದ ಕಾಳು ಕೆಟ್ಟ ಕಾಳಲ್ಲ, ಹಾಗೆಯೇ ಆಡದೆ ತಡೆದ ಭಾವವೂ ಕೆಟ್ಟದ್ದಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ವಚನ ಚಳವಳಿ ಬಾಯಿಲ್ಲದವರಿಗೆ ಬಾಯಿ ಕೊಟ್ಟಿತು, ಅಲ್ಲಿ ಆಯ್ಕೆಯ ಮಾತು ಬಂದರೆ ಮತ್ತೆ ಬಾಯಿ ಮುಚ್ಚಿಸಿದಂತಾಗದೇ ಎಂಬ ಆಕ್ಷೇಪ ಹಗುರವಾದುದಲ್ಲ. ಯಾರು ಆಡಬಹುದು ಎಂಬುದನ್ನು ಅನ್ಯರು ಆಯ್ದರೆ ಅದು ಅಧಿಕಾರ. ಆಡುವವನೇ ತನ್ನ ನುಡಿಯನ್ನು ನಡೆಗೆ ಹಚ್ಚಿ ನೋಡಿ ತಡೆದರೆ ಮಾತ್ರ ಅದು ಅವಧಾನ. ಮಾದಾರ ಚೆನ್ನಯ್ಯನಿಗೂ ಬಸವಣ್ಣನಿಗೂ ಈ ಒರೆಗಲ್ಲು ಒಂದೇ, ಮತ್ತು ಅದು ಉಕ್ತಿಚಮತ್ಕಾರವನ್ನು ಅಳೆಯುವುದಿಲ್ಲ.

ಇದೇ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಬೇರೊಂದು ಜರಡಿ ಒದಗಿತು. ಜಾತಿಮತಗಳ ಗೆರೆ ದಾಟಿ ಚೆನ್ನೂರ ಜಲಾಲಸಾಹೇಬರಂಥ ಶಿಷ್ಯರನ್ನು ಪಡೆದ ಆ ಪರಂಪರೆಯಲ್ಲಿ ಪದಗಳು ಏಕತಾರಿಯ ನಾದದೊಡನೆ ಬಾಯಿಂದ ಬಾಯಿಗೆ ಸಾಗಿದವು. ಭಜನೆಯ ಇರುಳುಗಳಲ್ಲಿ ಮತ್ತೆ ಮತ್ತೆ ಹಾಡಿಸಿಕೊಂಡದ್ದು ಉಳಿಯಿತು, ಮಿಕ್ಕದ್ದು ಜಾರಿತು. ಆದರೆ ಜನರ ನೆನಪಿನ ಈ ಆಯ್ಕೆಯನ್ನು ಅವಧಾನಕ್ಕೆ ಸಮವೆನ್ನಲಾಗದು, ಏಕೆಂದರೆ ಮರೆವಿಗೆ ಅರ್ಪಣೆಯ ಅರಿವಿರುವುದಿಲ್ಲ. ಅದು ಜೊಳ್ಳಿನ ಜೊತೆಗೆ ಕಾಳನ್ನೂ ತೂರಿಬಿಟ್ಟಿರಬಹುದು.