ಕರುಣೆಗೂ ಅಳತೆ ಬೇಕೇನ್ರಿ?

ಲೂಕ 10ನೇ ಅಧ್ಯಾಯದ ಸಮಾರ್ಯದವನನ್ನು ಒಳ್ಳೇ ಮನಸ್ಸಿನವನು ಅಂತ ಹೊಗಳಿ ಸುಮ್ಮನಾಗ್ತೇವೆ. ಆದರೆ ಅವನು ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಮುಂದಿನ ಖರ್ಚನ್ನೂ ಒಪ್ಪಿಕೊಂಡ. ಕನಿಕರ ಹುಟ್ಟೋದು ಒಂದು ಕ್ಷಣದಲ್ಲಿ. ಉಳಿದದ್ದಕ್ಕೆಲ್ಲ ತಲೆ ಓಡಿಸಬೇಕಾಯ್ತು.

ಹಾಗಾದರೆ ನರ್ಸ್ ಆಗುವವರಿಗೆ ಮೃದು ಸ್ವಭಾವ ಇದ್ದರೆ ಸಾಕೇ? ನಮ್ಮ ಮಮದಾಪುರದ ಕಡೆ "ಆ ಸಿಸ್ಟರ್ ಭಾಳ ಛಲೋ, ನಕ್ಕೊಂತ ಮಾತಾಡ್ತಾರ" ಅಂತೇವೆ. ನಮ್ಮ ಸರ್ಟಿಫಿಕೇಟು ಅಷ್ಟೇ.

ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ನಡೆದದ್ದನ್ನು ನೋಡ್ರಿ. ಹೆರಿಗೆಯಾದ ಮೇಲೆ ಅರ್ಧ ಲೀಟರ್ ದಾಟಿ ರಕ್ತ ಹೋದರೆ ಅಪಾಯ. ಎಷ್ಟು ಹೋಯಿತು ಅನ್ನೋದನ್ನು ಕಣ್ಣಳತೆಯಿಂದಲೇ ಹೇಳುವ ರೂಢಿ ಇತ್ತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆ ತಯಾರಿಸಿದರು. ಬಾಣಂತಿಯ ಕೆಳಗೆ ಹಾಸೋದು. ಅದರ ತುದಿಗೆ ಅಳತೆಯ ಗೆರೆ ಹಾಕಿದ ಚೀಲ. ಹೋಲಿಸಿ ನೋಡಿದರೆ ಕಣ್ಣಳತೆ ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು!

ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. "ಹೆದರಬ್ಯಾಡವ್ವಾ, ಏನೂ ಆಗಂಗಿಲ್ಲ" ಅನ್ನುವ ಬಾಯಿಯ ಮಾತನ್ನು ಕಣ್ಣೂ ನಂಬಿಬಿಡ್ತದೆ ಅಂತ ನನಗನಿಸ್ತದೆ. 'ನನ್ನ ಕಣ್ಣು ನನಗೇ ಮೋಸ ಮಾಡಬಹುದು' ಅಂತ ಒಪ್ಪುವ ದೀನತೆ ಇದ್ದಲ್ಲೇ ಹೊಸದೇನಾದರೂ ಹುಟ್ಟೋದು. ಬುದ್ಧಿವಂತಿಕೆ ಆಮೇಲಿನ ಮಾತು.

ಅದೇ ಹಾಳೆ ಬಳಸಿ ಹಳ್ಳಿಯ ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಎಎನ್‌ಎಂ ನರ್ಸ್‌ಗಳು 1620 ತಾಯಂದಿರ ಹೆರಿಗೆಯಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಸಿದರು. ಆಕ್ಸಿಟೋಸಿನ್ ಇಂಜೆಕ್ಷನ್ನಿಗೆ ಫ್ರಿಜ್ ಬೇಕು, ಸೂಜಿ ಬೇಕು. ಮಾತ್ರೆಗೆ ಒಂದು ಗುಟುಕು ನೀರು ಸಾಕು. ಅರ್ಧದಷ್ಟು ಮಂದಿಗೆ ಕೊಟ್ಟದ್ದು ಔಷಧವಿಲ್ಲದ ಮಾತ್ರೆ. ಅವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಯಿತು, ಔಷಧ ತಗೊಂಡವರಲ್ಲಿ ನೂರಕ್ಕೆ 6.4. ಇದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2023ರಲ್ಲಿ ಪ್ರಕಟವಾದ ಆಫ್ರಿಕಾದ ನಾಲ್ಕು ದೇಶಗಳ ದೊಡ್ಡ ಅಧ್ಯಯನದಲ್ಲೂ ಅಂಥದೇ ಅಳತೆಯ ಚೀಲ ಇತ್ತು.

ಹಂಗಾದ್ರೆ ಸಿಡುಕು ಸ್ವಭಾವದವರಾದರೂ ನಡೀತದೇನು, ಗೆರೆ ನೋಡಿ ಹೊತ್ತಿಗೆ ಸರಿಯಾಗಿ ಗಾಡಿ ಕರೆಸಿದರೆ? ಆ ಒಂದು ರಾತ್ರಿಗೆ ನಡೀತದೆ. ಬರೀ ನಗುವವರಿಗಿಂತ ಅವರೇ ವಾಸಿ ಅಂತಲೂ ಹೇಳ್ತೇನೆ. ಆದರೆ ಬೈಸಿಕೊಂಡ ಸೊಸಿ, ಆಕಿ ಅತ್ತಿ, ಓಣಿಯ ನಾಲ್ಕು ಮಂದಿ ಮುಂದಿನ ಸಲ ಅವರನ್ನು ಕರೆಯೋದಿಲ್ಲ. ಆಗ ಹಾಳೆಯೂ ಮಾತ್ರೆಯೂ ಹೊಸ್ತಿಲ ಹೊರಗೇ ಉಳೀತಾವೆ. ಆ ಪರೀಕ್ಷೆಯಲ್ಲೇ ಯೋಚಿಸಿರಿ: 'ಇದರಲ್ಲಿ ಔಷಧ ಇರಬಹುದು, ಇಲ್ಲದೆಯೂ ಇರಬಹುದು' ಅಂತ ತುಂಬು ಗರ್ಭಿಣಿಗೆ ನಿಜ ತಿಳಿಸಿ ಒಪ್ಪಿಗೆ ಪಡೆಯೋದು ಸಿಡುಕಿನ ಮಾತಿನಿಂದ ಆಗುವ ಕೆಲಸವೇ?

ಇನ್ನೊಂದು ಮಾತು, ಇದು ಸಭೆಗೆ. ರಾತ್ರಿ ಎರಡಕ್ಕೆ ಎಬ್ಬಿಸಿ ಕರ್ಕೊಂಡು ಹೋಗ್ತೇವೆ. ಬೆಳಿಗ್ಗೆ ಲಸಿಕೆ ಹಾಕಲಿಕ್ಕೆ ಬಂದಾಗ "ಸಿಸ್ಟರ್ ಮುಖ ಗಂಟು ಹಾಕ್ಕೊಂಡಿದ್ರು" ಅಂತ ದೂರ್ತೇವೆ. ಅವರು ಚಹಾ ಕುಡಿದ್ರೋ ಇಲ್ಲೋ, ಯಾರಾದರೂ ಕೇಳಿದಿರೇನು?